ಬಿಇ ಇಂಗ್ಲಿಷ್ ಮೀಡಿಯಂ ಅಂತ ಕಾಲೇಜಿನ ಪತ್ರ ಇದ್ದರೆ ಎಂಎಸ್ ಅರ್ಜಿಗೆ ಐಇಎಲ್‌ಟಿಎಸ್, ಟೋಫೆಲ್ ಥರದ ಇಂಗ್ಲಿಷ್ ಪರೀಕ್ಷೆ ಬೇಡವೇ?

ದಾವಣಗೆರೆ_ಮೆಕ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ ಸರ್ಕಾರಿ ಶಾಲೆ, ಆಮೇಲೆ ಡಿಪ್ಲೊಮಾ, ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಲ್ಯಾಟರಲ್ ಎಂಟ್ರಿಯಲ್ಲಿ (ನೇರ ಎರಡನೇ ವರ್ಷಕ್ಕೆ) ಮೆಕ್ಯಾನಿಕಲ್ ಬಿಇ, ವಿಟಿಯು. ಈಗ ಪೀಣ್ಯದಲ್ಲಿ ಒಂದು ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಮುಂದಿನ ಫಾಲ್ ಸೆಮಿಸ್ಟರಿಗೆ ಅಮೆರಿಕದಲ್ಲಿ ಎಂಎಸ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಜೊತೆಗೆ ಜರ್ಮನಿಯನ್ನೂ ನೋಡುತ್ತಿದ್ದೇನೆ, ಅಲ್ಲಿ ಫೀಸು ಕಡಿಮೆ ಅಂತ.

ನಾನು ಹೋಗಿದ್ದ ಒಬ್ಬ ಕನ್ಸಲ್ಟೆಂಟ್, "ನಿಮ್ಮ ಬಿಇ ಇಂಗ್ಲಿಷ್ ಮೀಡಿಯಂ ತಾನೇ, ಪ್ರಿನ್ಸಿಪಾಲ್ ಹತ್ತಿರ ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್ ಪತ್ರ ತಗೊಂಡು ಬನ್ನಿ, ಯಾವ ಪರೀಕ್ಷೆಯೂ ಬೇಡ" ಅಂದರು. ಜೊತೆಗೆ ಓದಿದ ಗೆಳತಿ ಮಾತ್ರ, ಎಲ್ಲರೂ ಟೋಫೆಲ್ ಕೇಳೇ ಕೇಳುತ್ತಾರೆ ಅನ್ನುತ್ತಾಳೆ. ಪರೀಕ್ಷೆ ಫೀಸು ಹದಿನೈದು ಸಾವಿರ ದಾಟುತ್ತದೆ, ನನ್ನ ಸಂಬಳಕ್ಕೆ ಅದು ದೊಡ್ಡ ಮೊತ್ತ. ಸುಮ್ನೆ ಖರ್ಚು ಮಾಡೋಕೆ ಇಷ್ಟ ಇಲ್ಲ.

ಇನ್ನೊಂದು ವಿಷಯ. ಓದಿ ಅರ್ಥ ಮಾಡಿಕೊಳ್ಳೋದು, ಬರೆಯೋದು ಪರವಾಗಿಲ್ಲ. ಮಾತಾಡುವಾಗ ಮಾತ್ರ ಮಧ್ಯದಲ್ಲೇ ನಿಂತುಬಿಡುತ್ತೇನೆ. ಬರೆಯಲೇಬೇಕು ಅಂತಾದರೆ ಯಾವ ಪರೀಕ್ಷೆ ನನಗೆ ಸರಿ? ಮತ್ತೆ, ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಸಿದ್ದಾರೆ. ಅದರಿಂದ ತೊಂದರೆ ಆಗುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ.

ಇಂಡಿಯಾನಾ_ಕನ್ನಡಿಗ

ನಾನು ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾನೂ ವಿಟಿಯುನಿಂದಲೇ ಬಂದವನು. ಕನ್ಸಲ್ಟೆಂಟ್ ಹೇಳಿದ್ದು ಕೆಲವು ಕಡೆಗೆ ನಿಜ, ಎಲ್ಲ ಕಡೆಗೂ ಅಲ್ಲ. ಇದು ದೇಶಕ್ಕೆ ಒಂದೇ ನಿಯಮ ಇರುವ ವಿಷಯ ಅಲ್ಲ. ಅಮೆರಿಕದಲ್ಲಿ ಪ್ರತಿ ಯೂನಿವರ್ಸಿಟಿಯೂ ತನ್ನ ನಿಯಮ ತಾನೇ ಮಾಡಿಕೊಳ್ಳುತ್ತದೆ, ಅದರೊಳಗೆ ಡಿಪಾರ್ಟ್‌ಮೆಂಟು ಇನ್ನೂ ಜಾಸ್ತಿ ಕೇಳಬಹುದು.

ಉದಾಹರಣೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯ ಗ್ರಾಜುಯೇಟ್ ಡಿವಿಷನ್ ತೆಗೆದುಕೊಳ್ಳಿ. ಯಾವ ದೇಶಗಳವರು ಇಂಗ್ಲಿಷ್ ಪುರಾವೆ ಕೊಡಬೇಕು ಅಂತ ಅವರು ಪಟ್ಟಿ ಹಾಕಿದ್ದಾರೆ, ಅದರಲ್ಲಿ ಇಂಡಿಯಾ ಹೆಸರು ಹಿಡಿದೇ ಇದೆ. ಅಲ್ಲಿ ಕೇಳುತ್ತಾ ಬಂದಿರುವುದು ಟೋಫೆಲ್ 90 (ಹಳೆಯ 120ರ ಲೆಕ್ಕದಲ್ಲಿ) ಅಥವಾ ಐಇಎಲ್‌ಟಿಎಸ್ 7 (9ಕ್ಕೆ). ಅಲ್ಲಿಗೆ ಪ್ರಿನ್ಸಿಪಾಲ್ ಪತ್ರ ಕಳಿಸಿದರೆ ಪ್ರಯೋಜನ ಇಲ್ಲ. ಬೇರೆ ಕೆಲವು ಕಡೆ ನೇರವಾಗಿ "ನಿಮ್ಮ ಡಿಗ್ರಿ ಪೂರ್ತಿ ಇಂಗ್ಲಿಷಿನಲ್ಲೇ ನಡೆದಿದ್ದರೆ ವಿನಾಯಿತಿ ಕೇಳಬಹುದು" ಅಂತ ಬರೆದಿರುತ್ತಾರೆ. ಅಲ್ಲಿ ಪತ್ರ ನಡೆಯುತ್ತದೆ. ಆದರೆ ಅಲ್ಲೂ "ಕೇಳಬಹುದು" ಅಂತಷ್ಟೇ ಇರುತ್ತದೆ, ಕೊಟ್ಟೇ ಕೊಡುತ್ತೇವೆ ಅಂತ ಇರೋದಿಲ್ಲ. ಹಾಗಾಗಿ ಮೊದಲು ನಿಮ್ಮ ಯೂನಿವರ್ಸಿಟಿಗಳ ಪಟ್ಟಿ ಮಾಡಿ. ಒಂದೊಂದರ ಗ್ರಾಜುಯೇಟ್ ಸ್ಕೂಲ್ ಪುಟ, ಆಮೇಲೆ ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನ ಪುಟ, ಎರಡನ್ನೂ ತೆಗೆದು ಓದಿ. ಕನ್ಸಲ್ಟೆಂಟ್ ಕೊಡುವ ಎಕ್ಸೆಲ್ ಶೀಟು ನಂಬಬೇಡಿ, ಅದು ಯಾವ ವರ್ಷದ್ದೋ ಏನೋ.

ಒಟ್ಟು ಅಂಕ ಒಂದೇ ನೋಡಿ ಸುಮ್ಮನಾಗಬೇಡಿ. ಎಷ್ಟೋ ಕಡೆ ಪ್ರತಿ ವಿಭಾಗಕ್ಕೂ ಕನಿಷ್ಠ ಅಂಕ ಇರುತ್ತದೆ. ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿ ಬಹಳ ಕಾಲ ಕೇಳಿದ್ದು ಹಳೆಯ ಟೋಫೆಲ್‌ನಲ್ಲಿ ಒಟ್ಟು 80, ಅದರ ಜೊತೆಗೆ ರೀಡಿಂಗ್ 19, ಲಿಸನಿಂಗ್ 14, ಸ್ಪೀಕಿಂಗ್ 18, ರೈಟಿಂಗ್ 18. ಒಟ್ಟು 95 ಬಂದು ಸ್ಪೀಕಿಂಗ್ 17 ಆದರೆ ಅಲ್ಲೇ ನಿಲ್ಲುತ್ತದೆ.

ಇನ್ನು ಯಾರೂ ಮೊದಲೇ ಹೇಳದ ವಿಷಯ ಒಂದಿದೆ. ನಿಮಗೆ ದುಡ್ಡಿನ ಚಿಂತೆ ಇದೆ ಅಂದಿರಿ, ಹಾಗಾಗಿ ಇದು ನಿಮಗೆ ಮುಖ್ಯ. ಇಲ್ಲಿ ಟೀಚಿಂಗ್ ಅಸಿಸ್ಟೆಂಟ್‌ಶಿಪ್ (ಟಿಎ ಕೆಲಸ) ಸಿಕ್ಕರೆ ಫೀಸು ಮಾಫಿ ಆಗಿ ತಿಂಗಳಿಗಿಷ್ಟು ಕೈಗೆ ಬರುವುದೂ ಉಂಟು. ಎಂಎಸ್‌ನವರಿಗೆ ಕಡಿಮೆ, ಪಿಎಚ್‌ಡಿಯವರಿಗೆ ಜಾಸ್ತಿ, ಆದರೂ ಸಿಗುತ್ತದೆ. ಟಿಎ ಆಗಿ ಅಮೆರಿಕದ ಹುಡುಗರಿಗೆ ಪಾಠ ಹೇಳಬೇಕಾದ್ದರಿಂದ ಅದಕ್ಕೆ ಮಾತಿನ ಇಂಗ್ಲಿಷಿನ ಬೇರೆ ಮಟ್ಟವೇ ಇದೆ. ಎಷ್ಟೋ ರಾಜ್ಯಗಳಲ್ಲಿ ಇದಕ್ಕೆ ಕಾನೂನೇ ಇದೆ, ಪೆನ್ಸಿಲ್ವೇನಿಯಾದಲ್ಲಿ 1990ರಿಂದ. ಟೋಫೆಲ್‌ನ ಹಳೆಯ 30ರ ಲೆಕ್ಕದಲ್ಲಿ ಸ್ಪೀಕಿಂಗ್ 26ರ ಆಸುಪಾಸು ಕೇಳುವ ಕಡೆಗಳು ಬೇಕಾದಷ್ಟಿವೆ. ಪರ್ಡ್ಯೂಗೆ ಒಇಪಿಟಿ ಅಂತ ತನ್ನದೇ ಮೌಖಿಕ ಪರೀಕ್ಷೆ ಇದೆ. ಪತ್ರ ಕೊಟ್ಟು ವಿನಾಯಿತಿ ತಗೊಂಡು ಬಂದವರ ಹತ್ತಿರ ತೋರಿಸೋಕೆ ಸ್ಪೀಕಿಂಗ್ ಅಂಕವೇ ಇರೋದಿಲ್ಲ. ಹೀಗೆ ಟಿಎ ಅವಕಾಶ ಒಂದು ಸೆಮಿಸ್ಟರ್ ಮುಂದಕ್ಕೆ ಹೋದವರನ್ನು ನೋಡಿದ್ದೇನೆ. ಒಂದು ಸೆಮಿಸ್ಟರಿನ ಫೀಸಿನ ಮುಂದೆ ಹದಿನೈದು ಸಾವಿರ ಏನೂ ಅಲ್ಲ.

ವೀಸಾ ವಿಷಯಕ್ಕೆ ಬಂದರೆ, ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಇಂಥದ್ದೇ ಪರೀಕ್ಷೆ, ಇಷ್ಟೇ ಅಂಕ ಅಂತ ಇಲ್ಲ. ನಿಮ್ಮ ಇಂಗ್ಲಿಷ್ ಸಾಕು ಅಂತ ಯೂನಿವರ್ಸಿಟಿ ತಾನು ಕೊಡುವ ಐ-20 ಪತ್ರದಲ್ಲಿ ಬರೆದಿರುತ್ತದೆ. ಆದರೆ ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಕಿಟಕಿ ಮುಂದೆ ನಿಂತಾಗ ಅಧಿಕಾರಿ ಇಂಗ್ಲಿಷಿನಲ್ಲೇ ಕೇಳುತ್ತಾರೆ, ಯಾಕೆ ಈ ಕೋರ್ಸು, ಯಾರು ದುಡ್ಡು ಕೊಡುತ್ತಾರೆ ಅಂತ. ಎರಡು ಮೂರು ನಿಮಿಷದಲ್ಲಿ ಮುಗಿಯುವ ಮಾತುಕತೆ. ಅಲ್ಲಿ ತಡವರಿಸದೆ ಉತ್ತರ ಹೇಳೋಕೆ ಈ ಸ್ಪೀಕಿಂಗ್ ತಯಾರಿಯೇ ಸಹಾಯಕ್ಕೆ ಬರುತ್ತದೆ.

ಪಾಠ_ಹೇಳೋ_ಮೇಡಂ

ನಾನು ಹುಬ್ಬಳ್ಳಿಯಲ್ಲಿ ಐಇಎಲ್‌ಟಿಎಸ್, ಅದೇ ಥರದ ಇನ್ನೊಂದು ಪರೀಕ್ಷೆ ಪಿಟಿಇ, ಎರಡಕ್ಕೂ ಪಾಠ ಹೇಳುತ್ತೇನೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ನನ್ನ ಹತ್ತಿರ ತುಂಬ ಬರುತ್ತಾರೆ. ಯಾವ ಪರೀಕ್ಷೆ ಅಂತ ಕೇಳಿದ್ದೀಯಲ್ಲ ತಂಗಿ, ಅದಕ್ಕೆ ಹೇಳುತ್ತೇನೆ.

ಐಇಎಲ್‌ಟಿಎಸ್‌ನಲ್ಲಿ ಸ್ಪೀಕಿಂಗ್ ಅಂದರೆ ಒಬ್ಬ ಮನುಷ್ಯನ ಜೊತೆ ಮಾತು, 11ರಿಂದ 14 ನಿಮಿಷ. ನೀನು ನಿಂತರೆ ಅವರು ಕಾಯುತ್ತಾರೆ, ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಕೇಳಿ ಅನ್ನಬಹುದು. ಟೋಫೆಲ್, ಪಿಟಿಇ ಎರಡರಲ್ಲೂ ಕಂಪ್ಯೂಟರಿನ ಮೈಕಿಗೆ ಮಾತಾಡಬೇಕು, ಎದುರಿಗೆ ಗಡಿಯಾರ ಓಡುತ್ತಿರುತ್ತದೆ, ಪಕ್ಕದವರು ಮಾತಾಡುವುದೂ ಕಿವಿಗೆ ಬೀಳುತ್ತದೆ. ಕೆಲವರಿಗೆ ಮನುಷ್ಯರ ಮುಖ ನೋಡಿದರೆ ಭಯ, ಅವರಿಗೆ ಮೈಕೇ ವಾಸಿ. ನೀನು ಮಧ್ಯದಲ್ಲಿ ನಿಲ್ಲುತ್ತೇನೆ ಅಂದೆ, ನನಗೆ ಅನ್ನಿಸೋದು ನಿನಗೆ ಐಇಎಲ್‌ಟಿಎಸ್ ಒಳ್ಳೆಯದು. ಅಕಾಡೆಮಿಕ್ ಅಂತ ನೋಡಿಕೊಂಡು ಬುಕ್ ಮಾಡು. ಜನರಲ್ ಟ್ರೇನಿಂಗ್ ಬೇರೆ, ಅದು ಮಾಸ್ಟರ್ಸ್ ಅರ್ಜಿಗೆ ಆಗೋದಿಲ್ಲ.

ಬ್ಯಾಂಡ್, ಅಂದರೆ ಐಇಎಲ್‌ಟಿಎಸ್ ಅಂಕದ ಲೆಕ್ಕವೂ ಗೊತ್ತಿರಲಿ. ನಾಲ್ಕು ವಿಭಾಗದ ಸರಾಸರಿ ತೆಗೆದು ಹತ್ತಿರದ ಅರ್ಧಕ್ಕೆ ತರುತ್ತಾರೆ. ಸರಾಸರಿ 6.25 ಬಂದರೆ 6.5 ಆಗುತ್ತದೆ, 6.75 ಬಂದರೆ 7. ಹಾಗಾಗಿ ಲಿಸನಿಂಗ್, ರೀಡಿಂಗ್ ಎರಡರಲ್ಲಿ ಗಟ್ಟಿಯಾಗಿ 7.5 ತಗೊಂಡರೆ, ಉಳಿದೆರಡು 6 ಬಂದರೂ ಒಟ್ಟು 7 ಆಗುತ್ತದೆ. ಪ್ರತಿ ವಿಭಾಗಕ್ಕೆ ಕನಿಷ್ಠ ಇಷ್ಟು ಅಂತ ಕೇಳುವ ಕಡೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ, ಮೇಲಿನವರು ಹೇಳಿದ ಹಾಗೆ. ಒಂದು ವಿಭಾಗ ಮಾತ್ರ ಕೆಟ್ಟರೆ ಅದೊಂದನ್ನೇ ಮತ್ತೆ ಬರೆಯುವ ವನ್ ಸ್ಕಿಲ್ ರೀಟೇಕ್ ಈಗ ಇದೆ. ಅದನ್ನು ಒಪ್ಪೋದು ಬಿಡೋದು ಯೂನಿವರ್ಸಿಟಿಗೆ ಬಿಟ್ಟಿದ್ದು, ಮೊದಲೇ ಕೇಳಿಕೋ.

ಟೋಫೆಲ್ ಬರೆಯುತ್ತೀನಿ ಅಂದರೆ ಹಳೆಯ ಪುಸ್ತಕ ಹಿಡಿದು ಕೂರಬೇಡ. 2026ರ ಜನವರಿ 21ರಿಂದ ಪರೀಕ್ಷೆಯೇ ಬದಲಾಗಿದೆ. ಅಂಕ ಈಗ 1ರಿಂದ 6ರವರೆಗೆ. ಜನರಿಗೆ ಗೊಂದಲ ಆಗಬಾರದು ಅಂತ ಎರಡು ವರ್ಷ ಹಳೆಯ 120ರ ಲೆಕ್ಕವನ್ನೂ ಜೊತೆಗೆ ಕೊಡುತ್ತಾರೆ. ಎಷ್ಟೋ ಯೂನಿವರ್ಸಿಟಿಗಳ ಪುಟದಲ್ಲಿ ಇನ್ನೂ ಹಳೆಯ ಅಂಕವೇ ಇರಬಹುದು, ನೋಡಿ ಗಾಬರಿ ಆಗಬೇಡ.

ಈಗ ಮಾತಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮಕ್ಕಳಲ್ಲಿ ಇದನ್ನೇ ದಿನಾ ನೋಡುತ್ತೇನೆ. ನಾವು ಕನ್ನಡದಲ್ಲಿ ಕಾರಣವೆಲ್ಲ ಮೊದಲು ಹೇಳಿ ಕೊನೆಗೆ ವಿಷಯಕ್ಕೆ ಬರುತ್ತೇವೆ. "ನಮ್ಮೂರಲ್ಲಿ ಮಳೆ ಕಡಿಮೆ, ಬೋರ್‌ವೆಲ್ ಬತ್ತಿಹೋಯ್ತು, ಅಪ್ಪ ಅಡಿಕೆ ಬಿಟ್ಟರು, ಅದಕ್ಕೇ ನಾನು ನೀರಾವರಿ ಪಂಪಿನ ಪ್ರಾಜೆಕ್ಟ್ ಮಾಡಿದೆ" ಅಂತ. ಇದೇ ಸಾಲನ್ನು ಇಂಗ್ಲಿಷಿಗೆ ತರೋಕೆ ಹೋದರೆ ಮೊದಲ ಮೂರು ಕಾರಣಗಳಲ್ಲೇ ಉಸಿರು ಮುಗಿದು, ಹೇಳಬೇಕಾದ ಮಾತು ಬರುವಷ್ಟರಲ್ಲಿ ಪದ ಸಿಗದೆ ನಿಂತುಬಿಡುತ್ತಾರೆ. ನಾನು ಮಕ್ಕಳಿಗೆ ಹೇಳೋದು ಇಷ್ಟೇ: ಮೊದಲು ಉತ್ತರ, ಒಂದೇ ಸಣ್ಣ ವಾಕ್ಯ. ಆಮೇಲೆ ಒಂದು ಕಾರಣ. ಆಮೇಲೆ ನಿನ್ನ ಜೀವನದಿಂದ ಒಂದು ಉದಾಹರಣೆ. ಮೊದಲ ವಾಕ್ಯ ಆಚೆ ಬಿತ್ತು ಅಂದರೆ ಮುಂದೆ ತೊಡರಿದರೂ ಉತ್ತರ ಕೊಟ್ಟಾಯಿತು. ದಿನಾ ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿ ನೀನೇ ಕೇಳು. ಕೇಳೋಕೆ ಮುಜುಗರ ಆಗುತ್ತದೆ, ಆದರೂ ಕೇಳಬೇಕು.

ಉಚ್ಚಾರಕ್ಕೆ ಹೆದರಬೇಡ. ನಮ್ಮ ಧಾಟಿ ಇದ್ದರೆ ಅಂಕ ಕಡಿಯೋದಿಲ್ಲ, ಹೇಳಿದ್ದು ತಿಳಿಯಬೇಕು ಅಷ್ಟೇ. "ಬಸ್ಸು", "ಬುಕ್ಕು" ಅಂತ ಕೊನೆಯಲ್ಲಿ ಉ ಸೇರಿಸೋದು, "ಎವರಿ" ಅನ್ನೋದನ್ನ "ಯೆವರಿ" ಅನ್ನೋದು, ಇವೆರಡನ್ನು ಗಮನ ಇಟ್ಟು ಸರಿ ಮಾಡಿಕೋ, ಸಾಕು. ಬಾಯಿಪಾಠ ಮಾಡಿದ ಉತ್ತರ ಮಾತ್ರ ಹೇಳಬೇಡ. ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ, ಮುಂದಿನ ಪ್ರಶ್ನೆಯಲ್ಲಿ ನಿನ್ನ ನಿಜವಾದ ಮಟ್ಟ ಹೊರಗೆ ಬರುತ್ತದೆ. ಬರವಣಿಗೆಯಲ್ಲೂ ಹಾಗೆಯೇ. ಟಾಸ್ಕ್ 2ಕ್ಕೆ ಟಾಸ್ಕ್ 1ರ ಎರಡರಷ್ಟು ತೂಕ, ಅದಕ್ಕೆ 40 ನಿಮಿಷ ಇಟ್ಟುಕೋ. "ಇನ್ ಟುಡೇಸ್ ಮಾಡರ್ನ್ ವರ್ಲ್ಡ್" ಅಂತ ಶುರು ಮಾಡಿ ಐದು ಸಾಲು ವ್ಯರ್ಥ ಮಾಡಬೇಡ.

ಸಿರಸಿ_ಟು_ಮ್ಯೂನಿಕ್

ಜರ್ಮನಿ ಕಡೆಯದ್ದು ನಾನು ಹೇಳುತ್ತೇನೆ. ಇಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸುಗಳು ತುಂಬ ಇವೆ. ಹೆಚ್ಚಿನವರು ಕೇಳೋದು ಐಇಎಲ್‌ಟಿಎಸ್ 6.5. ಟಿಯುಎಂ (ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ) ಪಟ್ಟಿಯಲ್ಲಿ ಐಇಎಲ್‌ಟಿಎಸ್ 6.5 ಅಥವಾ ಹಳೆಯ ಲೆಕ್ಕದ ಟೋಫೆಲ್ 88 ಇತ್ತು. ಕಾಲೇಜಿನ ಪತ್ರವನ್ನು ಒಪ್ಪುವ ಕೋರ್ಸೂ ಇದೆ, ಒಪ್ಪದೇ ಇರುವುದೂ ಇದೆ. ಒಂದೇ ಯೂನಿವರ್ಸಿಟಿಯಲ್ಲಿ ಎರಡು ಕೋರ್ಸಿಗೆ ಎರಡು ನಿಯಮ ಇರೋದು ಇಲ್ಲಿ ಮಾಮೂಲಿ.

ಪರೀಕ್ಷೆಗಿಂತ ಮೊದಲು ನೀವು ಯೋಚಿಸಬೇಕಾದ್ದು ಎಪಿಎಸ್. 2022ರ ನವೆಂಬರ್‌ನಿಂದ ಭಾರತದವರಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿಮ್ಮ ಮಾರ್ಕ್ಸ್ ಕಾರ್ಡುಗಳೆಲ್ಲ ಅಸಲಿಯೇ ಅಂತ ಅವರು ನೋಡಿ ಕೊಡುವ ಪತ್ರ ಅದು. ಟೈಮ್ ಹಿಡಿಯುತ್ತದೆ, ಮೊದಲೇ ಹಾಕಿ.

ಫೀಸು ಕಡಿಮೆ ಅಂದಿರಿ. ಎಲ್ಲ ಕಡೆ ಅಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಇದೆ. ಟಿಯುಎಂ ಕೂಡ 2024-25ರ ಚಳಿಗಾಲದ ಸೆಮಿಸ್ಟರಿನಿಂದ ಅವರಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4000 ಅಥವಾ 6000 ಯೂರೋ ತಗೊಳ್ಳುತ್ತಿದೆ. ಮತ್ತೆ ಕೋರ್ಸು ಇಂಗ್ಲಿಷಿನಲ್ಲಿದ್ದರೂ ಮನೆ ಹುಡುಕೋಕೆ, ವರ್ಕಿಂಗ್ ಸ್ಟೂಡೆಂಟ್ ಕೆಲಸಕ್ಕೆ ಜರ್ಮನ್ ಬೇಕು. ಮೆಕ್ಯಾನಿಕಲ್ ಅಂದರೆ ಇನ್ನೂ ಜಾಸ್ತಿ ಬೇಕು, ಇಲ್ಲಿನ ಶಾಪ್ ಫ್ಲೋರಿನಲ್ಲಿ ಎಲ್ಲರೂ ಜರ್ಮನ್‌ನಲ್ಲೇ ಮಾತಾಡೋದು. ಬೆಂಗಳೂರಿನಲ್ಲೇ ಇದ್ದೀರಲ್ಲ, ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲ ಹಂತ ಎ1 ಶುರು ಮಾಡಿ.

ಕೆಂಪು_ಮಣ್ಣು

ನನಗೆ ಈ ಇಡೀ ವಿಷಯದ ಮೇಲೆ ಸಿಟ್ಟಿದೆ, ಹೇಳಿಬಿಡುತ್ತೇನೆ. ನಾಲ್ಕು ವರ್ಷ ಇಂಗ್ಲಿಷ್ ಪುಸ್ತಕ ಓದಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು, ಇಂಗ್ಲಿಷಿನಲ್ಲೇ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟಿದ್ದೇವೆ. ಆದರೂ ನಮ್ಮಿಂದ ಒಂದು ತಿಂಗಳ ಸಂಬಳ ಕಿತ್ತುಕೊಂಡು ಮತ್ತೆ ಪರೀಕ್ಷೆ. ಅದೂ ಎರಡೇ ವರ್ಷಕ್ಕೆ ಅವಧಿ ಮುಗಿಯುತ್ತದೆ, ಎರಡು ವರ್ಷದಲ್ಲಿ ಕಲಿತ ಭಾಷೆ ಮರೆತುಹೋಗುತ್ತಾ? ಅದೇ ಆಸ್ಟ್ರೇಲಿಯಾದಲ್ಲೋ ಬ್ರಿಟನ್ನಿನಲ್ಲೋ ಡಿಗ್ರಿ ಮಾಡಿದವನಿಗೆ ಹೆಚ್ಚಿನ ಕಡೆ ಏನೂ ಕೇಳೋದಿಲ್ಲ. ಅಂಕ ಕಡಿಮೆ ಬಂದರೆ ಮತ್ತೆ ಪೂರ್ತಿ ಫೀಸು. ಹಳ್ಳಿಯಿಂದ ಬಂದ ಮಕ್ಕಳಿಗೇ ಇದರ ಏಟು ಜಾಸ್ತಿ.

ಇಂಡಿಯಾನಾ_ಕನ್ನಡಿಗ

ದುಡ್ಡಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ, ನಾನೂ ಒಪ್ಪುತ್ತೇನೆ. ಆದರೆ ಒಂದು ಮಾತು. ನಮ್ಮ ಕಾಲೇಜುಗಳಲ್ಲಿ ಪಾಠ ನಿಜವಾಗಿ ಹೇಗೆ ನಡೆಯುತ್ತದೆ ಅಂತ ನಮಗೆ ಗೊತ್ತು. ಪುಸ್ತಕ ಇಂಗ್ಲಿಷ್, ವಿವರಣೆ ಅರ್ಧ ಕನ್ನಡ. ಅದು ತಪ್ಪಲ್ಲ, ನನಗೆ ಥರ್ಮೋಡೈನಮಿಕ್ಸ್ ತಲೆಗೆ ಹತ್ತಿದ್ದೇ ಒಬ್ಬ ಮೇಷ್ಟ್ರು ಕನ್ನಡದಲ್ಲಿ ಹೇಳಿದ ಮೇಲೆ. ಆದರೆ ಅದರಿಂದ ನಾಲ್ಕು ವರ್ಷ ನಾವು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಪಾಸಾಗಬಹುದು. ಇಲ್ಲಿ ಬಂದ ಮೊದಲ ವಾರವೇ ಪ್ರೊಫೆಸರ್ ಆಫೀಸಿಗೆ ಹೋಗಿ ಹೋಮ್‌ವರ್ಕಿನ ಅನುಮಾನ ಕೇಳಬೇಕು, ಗುಂಪು ಪ್ರಾಜೆಕ್ಟಿನಲ್ಲಿ ನನ್ನ ಡಿಸೈನ್ ಯಾಕೆ ಸರಿ ಅಂತ ವಾದ ಮಾಡಬೇಕು. ತುಂಬ ಬುದ್ಧಿವಂತ ಹುಡುಗರು ಇಲ್ಲಿ ಬಾಯಿ ಬಿಡದೆ ಹಿಂದೆ ಉಳಿಯೋದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಕೆಂಪು_ಮಣ್ಣು

ಹಾಗಾದರೆ ಅದನ್ನು ಕಾಲೇಜಿನಲ್ಲೇ ಕಲಿಸಲಿ. ವಾರಕ್ಕೊಂದು ಸೆಮಿನಾರ್ ನಿಜವಾಗಿ ನಡೆಸಿದರೆ ಸಾಕು, ಈ ಕೋಚಿಂಗ್ ಯಾಕೆ? ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಫೀಸು ಅರ್ಧ ಮಾಡಲಿ, ಅವಧಿ ಐದು ವರ್ಷ ಇಡಲಿ ಅನ್ನುತ್ತಿದ್ದೇನೆ.

ಟೊರಾಂಟೊ_ತುಮಕೂರು

ಕೆನಡಾ ಯೋಚನೆ ಬಂದರೆ ಅಂತ ಒಂದು ಮಾತು ಹೇಳಿ ಹೋಗುತ್ತೇನೆ. 2024ರ ನವೆಂಬರ್ 1ರಿಂದ ಓದು ಮುಗಿದ ಮೇಲಿನ ವರ್ಕ್ ಪರ್ಮಿಟ್‌ಗೂ ಭಾಷಾ ಪರೀಕ್ಷೆ ಬೇಕು. ಯೂನಿವರ್ಸಿಟಿ ಡಿಗ್ರಿಯವರಿಗೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 7. ಅದಕ್ಕೆ ಐಇಎಲ್‌ಟಿಎಸ್ ಜನರಲ್, ಸೆಲ್ಪಿಪ್, ಪಿಟಿಇ ಕೋರ್ ಈ ಪರೀಕ್ಷೆಗಳು ನಡೆಯುತ್ತವೆ, ಅಡ್ಮಿಷನ್‌ಗೆ ಕೊಟ್ಟ ಅಕಾಡೆಮಿಕ್ ನಡೆಯೋದಿಲ್ಲ. ಅಂದರೆ ಹೆಚ್ಚಿನವರು ಎರಡು ಸಲ ಬರೆಯಬೇಕಾಗುತ್ತದೆ. ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಬ್ರಿಟನ್ನಿನಲ್ಲಿ ಕೆಲವು ಯೂನಿವರ್ಸಿಟಿಗಳು 12ನೇ ತರಗತಿಯ ಇಂಗ್ಲಿಷ್ ಅಂಕ ನೋಡಿ ಪರೀಕ್ಷೆ ಬಿಡುತ್ತವೆ. ಆದರೆ ನೀವು ಡಿಪ್ಲೊಮಾದಿಂದ ಬಂದವರು, ಪಿಯುಸಿ ಅಂಕಪಟ್ಟಿಯೇ ಇಲ್ಲ, ಹಾಗಾಗಿ ಆ ದಾರಿ ನಿಮಗೆ ಕಷ್ಟ.

ಹೆಸರು_ಇನಿಷಿಯಲ್

ಹೆಸರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪರೀಕ್ಷೆ ಬುಕ್ ಮಾಡುವಾಗ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಹಾಕಿ, ಒಂದಕ್ಷರವೂ ಬೇರೆ ಆಗಬಾರದು. ಮಾರ್ಕ್ಸ್ ಕಾರ್ಡ್ ನೋಡಿ ಹಾಕಬೇಡಿ. ಸೆಂಟರಿನಲ್ಲಿ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡುತ್ತಾರೆ. ಅರ್ಜಿಯಲ್ಲೂ ಅದೇ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರೋದಕ್ಕೆ, ಇಬ್ಬರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್, ಸರ್‌ನೇಮ್ ಎರಡೂ ಜಾಗ ತುಂಬಿದೆಯಾ ನೋಡಿ. ನಮ್ಮ ಕಡೆ ಎಷ್ಟೋ ಜನರ ಪೂರ್ತಿ ಹೆಸರು ಒಂದೇ ಜಾಗದಲ್ಲಿ ಇರುತ್ತದೆ. ಎರಡರಲ್ಲಿ ಒಂದು ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಗಿವನ್ ನೇಮ್ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕುತ್ತಾರೆ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರಾಗಿ ಕೂರುತ್ತದೆ. ಹಾಗಿದ್ದರೆ ಈಗಲೇ ಪಾಸ್‌ಪೋರ್ಟ್ ಸರಿ ಮಾಡಿಸಿ, ಆಮೇಲೆ ಪರೀಕ್ಷೆ ಬುಕ್ ಮಾಡಿ.

ದಾವಣಗೆರೆ_ಮೆಕ್

ಎಲ್ಲರಿಗೂ ತುಂಬ ಧನ್ಯವಾದ. ಟಿಎ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೇಡಂ, ನೀವು ಹೇಳಿದ ಹಾಗೆ ಮೊದಲು ಉತ್ತರ ಹೇಳೋದನ್ನ ಇವತ್ತಿಂದಲೇ ಅಭ್ಯಾಸ ಮಾಡುತ್ತೇನೆ. ಪಾಸ್‌ಪೋರ್ಟ್ ನೋಡಿದೆ, ಎರಡೂ ಜಾಗ ತುಂಬಿದೆ, ಸದ್ಯ.

ಇನ್ನೊಂದೇ ಪ್ರಶ್ನೆ. ಡುಯೊಲಿಂಗೊ ಇಂಗ್ಲಿಷ್ ಪರೀಕ್ಷೆ ಮನೆಯಿಂದಲೇ ಬರೆಯಬಹುದು, ಫೀಸೂ ಕಡಿಮೆ ಅಂತಾರಲ್ಲ, ಅದು ಆಗೋದಿಲ್ವಾ? ಮತ್ತೆ ಪುಟದಲ್ಲಿ ಸ್ಪಷ್ಟವಾಗಿ ಬರೆದಿಲ್ಲದ ಕಡೆ ಯಾರನ್ನು ಕೇಳಬೇಕು?

ಇಂಡಿಯಾನಾ_ಕನ್ನಡಿಗ

ಡುಯೊಲಿಂಗೊ 10ರಿಂದ 160ರ ಅಂಕದ ಪರೀಕ್ಷೆ, ಸುಮಾರು ಒಂದು ಗಂಟೆ, ಎರಡು ದಿನದಲ್ಲಿ ಫಲಿತಾಂಶ. ಎಷ್ಟು ಕಡೆಗೆ ಬೇಕಾದರೂ ಪುಕ್ಕಟೆ ಕಳಿಸಬಹುದು. 2020ರ ಕೋವಿಡ್ ಸಮಯದಲ್ಲಿ ಸೆಂಟರುಗಳು ಮುಚ್ಚಿದಾಗ ತುಂಬ ಯೂನಿವರ್ಸಿಟಿಗಳು ಒಪ್ಪಿಕೊಂಡವು, ಅವುಗಳಲ್ಲಿ ಎಷ್ಟೋ ಈಗಲೂ ಒಪ್ಪುತ್ತವೆ. ಆದರೆ ಗ್ರಾಜುಯೇಟ್ ಸ್ಕೂಲ್ ಒಪ್ಪಿದರೂ ಡಿಪಾರ್ಟ್‌ಮೆಂಟ್ ಬೇಡ ಅನ್ನೋದುಂಟು, ಟಿಎಗೆ ಅದರ ಅಂಕ ನಡೆಯದ ಕಡೆಗಳೂ ಉಂಟು. ಜರ್ಮನಿಯನ್ನೂ ಜೊತೆಗೆ ನೋಡುತ್ತಿರುವುದರಿಂದ ನಿಮಗೆ ಐಇಎಲ್‌ಟಿಎಸ್ ಒಂದೇ ಎರಡೂ ಕಡೆಗೆ ಸಾಕಾಗುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಎಲ್ಲರೂ ಡುಯೊಲಿಂಗೊ ತಗೊಳ್ಳುತ್ತಾರೆ ಅಂತ ಖಚಿತವಾದರೆ ಮಾತ್ರ ಅದನ್ನು ಬರೆಯಿರಿ. ಬರೆಯುವ ದಿನ ಕರೆಂಟು, ನೆಟ್ ಗಟ್ಟಿಯಾಗಿರುವ ಜಾಗ ನೋಡಿಕೊಳ್ಳಿ. ಪಿಜಿ ರೂಮಿನಲ್ಲಿ ಬೇಡ, ಮಧ್ಯದಲ್ಲಿ ಯಾರಾದರೂ ಒಳಗೆ ಬಂದರೆ ಪರೀಕ್ಷೆಯೇ ರದ್ದಾಗಬಹುದು.

ಕೇಳಬೇಕಾದ್ದು ಡಿಪಾರ್ಟ್‌ಮೆಂಟಿನ ಗ್ರಾಜುಯೇಟ್ ಕೋಆರ್ಡಿನೇಟರ್‌ನ. ಪ್ರೊಫೆಸರಿಗೆ ಬರೆಯಬೇಡಿ, ಅವರಿಗೆ ಈ ನಿಯಮ ಗೊತ್ತಿರೋದಿಲ್ಲ. ಮೇಲ್ ಉದ್ದ ಬೇಡ, ನಿಮ್ಮ ಊರು ಕಥೆ ಏನೂ ಬೇಡ. ಯಾವ ಪ್ರೋಗ್ರಾಂ, ಯಾವ ವರ್ಷದ ಫಾಲ್ ಅಂತ ಮೊದಲ ಸಾಲಿನಲ್ಲಿ. ಆಮೇಲೆ ಮೂರೇ ಪ್ರಶ್ನೆ: ಭಾರತದ ಯೂನಿವರ್ಸಿಟಿಯ ಇಂಗ್ಲಿಷ್ ಮೀಡಿಯಂ ಪತ್ರಕ್ಕೆ ವಿನಾಯಿತಿ ಇದೆಯಾ, ಅದನ್ನು ಪ್ರಿನ್ಸಿಪಾಲ್ ಕೊಟ್ಟರೆ ಸಾಕಾ ಅಥವಾ ವಿಟಿಯುನೇ ಕೊಡಬೇಕಾ, ವಿನಾಯಿತಿ ತಗೊಂಡು ಬಂದವರಿಗೆ ಮುಂದೆ ಟಿಎ ಆಗೋಕೆ ಯಾವ ಪರೀಕ್ಷೆ ಬೇಕು. ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಅರ್ಜಿ ಪೋರ್ಟಲ್ ಸ್ಕೋರ್ ಇಲ್ಲದೆ ಮುಂದೆ ಹೋಗೋದಿಲ್ಲ ಅಂದಾಗ ಅದನ್ನೇ ಅಲ್ಲಿ ಅಪ್‌ಲೋಡ್ ಮಾಡೋಕೆ ಬರುತ್ತದೆ.

ಪಾಠ_ಹೇಳೋ_ಮೇಡಂ

ಡೇಟ್ ವಿಷಯ ಒಂದು ಬಿಟ್ಟುಹೋಗಿತ್ತು ತಂಗಿ. ಅಮೆರಿಕದ ಕೊನೆಯ ದಿನಾಂಕಗಳು ಹೆಚ್ಚಿನವು ಡಿಸೆಂಬರ್, ಜನವರಿಯಲ್ಲಿ ಬರುತ್ತವೆ. ಅಕ್ಟೋಬರ್ ಒಳಗೆ ಬರೆದು ಮುಗಿಸು, ಒಂದು ವಿಭಾಗ ಕೈಕೊಟ್ಟರೆ ಮತ್ತೆ ಬರೆಯೋಕೆ ಟೈಮ್ ಉಳಿಯುತ್ತದೆ. ಬುಕ್ ಮಾಡೋಕೆ ಮೊದಲು ಒಂದು ಪೂರ್ತಿ ಮಾಕ್ ಟೆಸ್ಟ್ ಮನೆಯಲ್ಲಿ ಬರೆದು ನೋಡು. ರೈಟಿಂಗ್ ಮಾಡಿ ಇಲ್ಲಿ ಹಾಕಿದರೆ ತಿದ್ದಿ ಕೊಡುತ್ತೇನೆ.